21 ಜನ, 11 ಬೈ: ನಾಕೌಟ್ ಡ್ರಾ ಹಾಕಲು ಕಲಿತದ್ದು

ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವಕ್ಕೆ ಶಟಲ್ ಟೂರ್ನಮೆಂಟ್ ಮಾಡುತ್ತೇವೆ. ಸಿಂಗಲ್ಸ್ ಮಾತ್ರ, ನಾಕೌಟ್, ಇರುವುದು ಒಂದೇ ಕೋರ್ಟು. ಮೊದಲ ವರ್ಷ ಡ್ರಾ ಹಾಕುವ, ಅಂದರೆ ಯಾರಿಗೆ ಯಾರು ಎದುರಾಳಿ ಅಂತ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. "ನೀನು ಸಾಫ್ಟ್‌ವೇರ್‌ನವನು ತಾನೇ" ಅನ್ನುವುದೊಂದೇ ಕಾರಣ.

21 ಹೆಸರು ಬಂದಿದ್ದವು. ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಚೀಟಿ ಎತ್ತುವುದು, ಇಬ್ಬಿಬ್ಬರನ್ನು ಜೋಡಿ ಮಾಡುವುದು, ಒಬ್ಬರು ಉಳಿದರೆ ಅವರಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ), ಮುಂದಿನ ಸುತ್ತಿಗೆ ಮತ್ತೆ ಚೀಟಿ. 21 ಹೋಗಿ 11 ಆಯಿತು, 11 ಹೋಗಿ 6, 6 ಹೋಗಿ 3. ಅಂದರೆ ಸೆಮಿಫೈನಲ್‌ನಲ್ಲಿ ಮೂರು ಜನ! ಅಲ್ಲಿ ನನಗೆ ಬೆವರು ಶುರು. ಎರಡನೇ ಸುತ್ತಿನಲ್ಲಿ ಬೈ ಸಿಕ್ಕಿದ್ದ ಹುಡುಗನಿಗೇ ಈ ಸಲವೂ ಬೈ ಚೀಟಿ ಬಂತು. ಎರಡೇ ಮ್ಯಾಚ್ ಗೆದ್ದು ಅವನು ಫೈನಲ್‌ಗೆ ನಿಂತ. ಎದುರಿಗಿದ್ದವನು ನಾಲ್ಕು ಆಡಿ ಬಂದಿದ್ದ, ಕೊನೆಯದು ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ, ಟೀ ಶರ್ಟ್ ಹಿಂಡಿದರೆ ನೀರು ಸುರಿಯುವ ಹಾಗಿತ್ತು. ಯಾರು ಗೆದ್ದರು ಅಂತ ಬೇರೆ ಹೇಳಬೇಕಾ?

ಬಹುಮಾನ ಕೊಟ್ಟಾದ ಮೇಲೆ ನಮ್ಮ ಬೀದಿಯ ರಿಟೈರ್ಡ್ ಪಿ.ಟಿ. ಮೇಷ್ಟ್ರು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಅವರು ಪಾಂಪ್ಲೆಟ್ ತಿರುಗಿಸಿ ಪೆನ್ಸಿಲ್ ತೆಗೆದರು. "ಬೈ ಎಷ್ಟಿದ್ದರೂ ಮೊದಲ ಸುತ್ತಲ್ಲೇ ಮುಗಿಸಿಬಿಡಬೇಕಪ್ಪ."

ಅವರ ಲೆಕ್ಕ ಇಷ್ಟು. 2, 4, 8, 16, 32 ಹೀಗೆ ಹೋಗುವ ಸಾಲಿನಲ್ಲಿ 21ರ ಮುಂದಿನದು 32. 32ರಲ್ಲಿ 21 ಕಳೆದರೆ 11, ಅಷ್ಟು ಬೈ. ಮೊದಲ ಸುತ್ತಿನಲ್ಲಿ ಆಡುವವರು 10 ಜನ ಮಾತ್ರ, 5 ಮ್ಯಾಚ್. ಗೆದ್ದ 5, ಕೂತ 11, ಒಟ್ಟು 16. ಅಲ್ಲಿಂದಾಚೆ 8, 4, 2, ಎಲ್ಲೂ ಬೆಸ ಸಂಖ್ಯೆ ಬರುವುದಿಲ್ಲ. 21 ಜನರಲ್ಲಿ 11 ಬೈ ಅಂದಾಗ ಇಷ್ಟೊಂದಾ ಅನ್ನಿಸಿತ್ತು. ಆದರೆ ಒಟ್ಟು ಮ್ಯಾಚ್ ಹೇಗೆ ಮಾಡಿದರೂ 20ನೇ: ಒಂದು ಮ್ಯಾಚಿಗೆ ಒಬ್ಬ ಮನೆಗೆ ಹೋಗುತ್ತಾನೆ, 20 ಜನ ಹೋಗಬೇಕು, ಮುಗೀತು. ಬೈಗಳನ್ನು ಹಂಚಲೂ ಅವರ ಹತ್ತಿರ ಒಂದು ಕ್ರಮ ಇತ್ತು. ಪಟ್ಟಿಯ ಮೇಲಿನ ಅರ್ಧದಲ್ಲಿ 11 ಜನ, ಕೆಳಗಿನದರಲ್ಲಿ 10. ಮೊದಲ ಬೈ ಕೆಳಗಿನ ಅರ್ಧದ ಕೊನೆಯವನಿಗೆ, ಎರಡನೆಯದು ಮೇಲಿನ ಅರ್ಧದ ಮೊದಲಿನವನಿಗೆ, ಮೂರನೆಯದು ಕೆಳಗಿನ ಮೊದಲಿನವನಿಗೆ, ನಾಲ್ಕನೆಯದು ಮೇಲಿನ ಕೊನೆಯವನಿಗೆ, ಮತ್ತೆ ಅದೇ ಸುತ್ತು. ಎರಡೂ ಕಡೆ ಸರಿಯಾಗಿ ಎಂಟೆಂಟು ಜನ ಉಳಿಯುತ್ತಾರೆ.

ಮಾರನೇ ವರ್ಷ ಇದನ್ನೇ ಕೋಡ್ ಮಾಡಲು ಕೂತೆ, ಜೊತೆಗೆ ಸೀಡಿಂಗೂ, ಅಂದರೆ ಒಳ್ಳೆಯ ಆಟಗಾರರು ಬೇಗ ಎದುರಾಗದ ಹಾಗೆ ನಂಬರ್ ಕೊಟ್ಟು ಕೂರಿಸುವುದೂ ಇರಲಿ ಅಂತ. ಸೀಡ್ ಇಲ್ಲದಿದ್ದರೆ ಏನಾಗುತ್ತದೆ ಅಂದರೆ, 32 ಜನರನ್ನು ಸುಮ್ನೆ ಕಲಸಿ ಹಾಕಿದಾಗ ಎರಡನೇ ಅತ್ಯುತ್ತಮ ಆಟಗಾರ ಫೈನಲ್ ತಲುಪಬೇಕಾದರೆ ಮೊದಲನೆಯವನು ಇಲ್ಲದ ಅರ್ಧದಲ್ಲೇ ಬೀಳಬೇಕು. ಉಳಿದ 31 ಜಾಗದಲ್ಲಿ ಅಂಥವು 16. ಅರ್ಧಕ್ಕಿಂತ ಕೂದಲೆಳೆ ಜಾಸ್ತಿ, ಅಷ್ಟೇ! ಲೂಯಿಸ್ ಕ್ಯಾರೊಲ್ 1883ರಲ್ಲೇ ಲಾನ್ ಟೆನ್ನಿಸ್ ವಿಷಯದಲ್ಲಿ ಈ ತಕರಾರು ಎತ್ತಿದ್ದರು. ಅದೇ ಆಲಿಸ್ ಕತೆಯ ಕ್ಯಾರೊಲ್, ಕಸುಬಿನಿಂದ ಗಣಿತದ ಮೇಷ್ಟ್ರು.

ಸೀಡ್ ಕೂರಿಸುವ ಉಪಾಯ ಬಹಳ ಚೆಂದ ಇದೆ. 1, 2 ಅಂತ ಬರೆಯಿರಿ. ಪ್ರತಿ ಅಂಕಿಯ ಪಕ್ಕ, ಅದನ್ನು 5ರಲ್ಲಿ ಕಳೆದರೆ ಬರುವುದನ್ನು ಬರೆಯಿರಿ: 1, 4, 2, 3. ಆಮೇಲೆ 9ರಲ್ಲಿ ಕಳೆಯಿರಿ: 1, 8, 4, 5, 2, 7, 3, 6. ಆಮೇಲೆ 17, ಆಮೇಲೆ 33. ಡ್ರಾದ 32 ಮನೆ (ಆಟಗಾರರ ಜಾಗ) ತಯಾರು. ಅಕ್ಕಪಕ್ಕದ ಜೋಡಿ ಕೂಡಿದರೆ ಯಾವಾಗಲೂ 33. 1 ಮತ್ತು 2 ಎದುರಾದರೆ ಫೈನಲ್‌ನಲ್ಲೇ. ಈಗ ನಮ್ಮಲ್ಲಿ 22ರಿಂದ 32ರವರೆಗೆ ಜನವೇ ಇಲ್ಲವಲ್ಲ, ಅವರ ಜೋಡಿಗಳಾದ 1ರಿಂದ 11ರವರೆಗೆ ತಾನಾಗಿಯೇ ಬೈ. ಬೈ ಹಂಚಲು ಅಂತ ಅರ್ಧ ರಾತ್ರಿ ಕೂತು ಬರೆದಿದ್ದ ಕೋಡನ್ನೆಲ್ಲ ಅಳಿಸಿ ಹಾಕಿದೆ.

ಆದರೆ ಲ್ಯಾಪ್‌ಟಾಪ್ ಡ್ರಾ ಅಂದರೆ ನಮ್ಮ ಜನ ನಂಬಲ್ಲ. (ಕೋಡಿನಲ್ಲಿ ಸಾಲಾಗಿ ಜೋಡಿಸುವ ಸಾರ್ಟ್ ಫಂಕ್ಷನ್‌ಗೆ ರ‍್ಯಾಂಡಮ್ ಕೊಟ್ಟು ಹೆಸರು ಕಲಸುವವರಿದ್ದರೆ ನಂಬದಿರುವುದೇ ಒಳ್ಳೆಯದು, ಅದು ಸಮನಾಗಿ ಕಲಸುವುದಿಲ್ಲ, ಸಮನಾಗಿ ಕಲಸುವ ಫಿಶರ್-ಯೇಟ್ಸ್ ವಿಧಾನಕ್ಕೆ ನಾಲ್ಕೇ ಸಾಲು ಕೋಡ್ ಸಾಕು.) ಹಾಗಾಗಿ ಮನೆಗಳ ಚಾರ್ಟ್ ಮಾತ್ರ ಕೋಡ್‌ನಿಂದ. ಹಿಂದಿನ ವರ್ಷದ ಮೊದಲ ನಾಲ್ವರಿಗೆ 1ರಿಂದ 4, ಉಳಿದ ನಂಬರ್‌ಗಳು ಚೀಟಿಯಾಗಿ ಸ್ಟೀಲ್ ಡಬ್ಬಿಯೊಳಗೆ, ಎತ್ತುವುದು ಎಲ್ಲರೆದುರು ಒಂದು ಪುಟ್ಟ ಮಗು. ಒಂದೇ ಮನೆಯ ಅಪ್ಪ ಮಗ ಮೊದಲ ಮ್ಯಾಚಲ್ಲೇ ಎದುರಾದರೆ ಎರಡನೆಯವರ ಚೀಟಿ ವಾಪಸ್, ಮತ್ತೊಂದು ಎತ್ತುವುದು. ಈ ನಿಯಮವನ್ನು ಡಬ್ಬಿ ಅಲ್ಲಾಡಿಸುವ ಮೊದಲೇ ಜೋರಾಗಿ ಓದಿ ಹೇಳಬೇಕು. ಆಮೇಲೆ ಹೇಳಿದರೆ ಜಗಳ ಗ್ಯಾರಂಟಿ.

ಆ ವರ್ಷವೂ ಬಂದದ್ದು 21 ಹೆಸರೇ. ಡ್ರಾ ಆದ ರಾತ್ರಿ ಒಬ್ಬರು ಬಂದು "ನಂದೂ ಒಂದು ಹೆಸರು ಹಾಕ್ಕೊಳ್ಳಿ" ಅಂದರು. ಹಿಂದಿನ ವರ್ಷವಾಗಿದ್ದರೆ ಎಲ್ಲ ಕಿತ್ತು ಹೊಸದಾಗಿ ಹಾಕಬೇಕಿತ್ತು. ಈಗ ಅವರು 22ನೇ ನಂಬರ್, 33ರಲ್ಲಿ 22 ಹೋದರೆ 11, ಉಳಿದ ಯಾರ ಮನೆಯೂ ಅಲುಗಾಡಲಿಲ್ಲ. ಬೈ ಕಳೆದುಕೊಂಡ ಆ 11ನೇ ಮನೆಯ ಹುಡುಗ ಮಾತ್ರ, ತನ್ನ ಆಟ ಮಧ್ಯಾಹ್ನಕ್ಕೆ ಅಂತ ಹೊದ್ದು ಮಲಗಿದ್ದನಂತೆ. ಬೆಳಿಗ್ಗೆ ಏಳಕ್ಕೆ ಅವನ ಅಮ್ಮನಿಗೆ ಫೋನ್ ಮಾಡಿ ಎಬ್ಬಿಸಿದೆವು.