ವಾಷಿಂಗ್ ಮೆಷಿನ್‌ಗೆ ನೀರು ಹತ್ತದಿದ್ದಾಗ: ನನ್ನ ಅನುಭವ

ಮೃಗಶಿರ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಮೇಗರವಳ್ಳಿ ಕಡೆಯ ಮಳೆ ಗೊತ್ತಲ್ವಾ, ಹಿಡಿದರೆ ಬಿಡೋದೇ ಇಲ್ಲ. ತೋಟಕ್ಕೆ ಹೋಗಿ ಬಂದವರ ಪ್ಯಾಂಟು, ಕೆಸರಾದ ಟವೆಲ್ಲು, ಬೂಷ್ಟು ಹಿಡಿಯೋಕೆ ಶುರುವಾದ ಬೆಡ್‌ಶೀಟು, ಎಲ್ಲಾ ತುಂಬಿ ಮೆಷಿನ್ ಬಟನ್ ಒತ್ತಿದೆ. ಬಾಗಿಲು ಟಕ್ ಅಂತು. ಡ್ರೈನ್ ಪಂಪು ಎರಡು ಸೆಕೆಂಡ್ ಗರ್ ಅಂತು. ಆಮೇಲೆ ಸದ್ದಿಲ್ಲ. ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ನಲ್ಲಿಯ ಚಿತ್ರ ಮಿಣುಕುತ್ತಾ ಇದೆ. ಡ್ರಮ್ಮಿನೊಳಗೆ ಬಟ್ಟೆ ಹಾಕಿದ ಹಾಗೇ ಒಣಗಿಕೊಂಡು ಕೂತಿದೆ.

ಅಮ್ಮ ಇಣುಕಿ ನೋಡಿ, "ಹೊರಗೆ ಇಷ್ಟು ಮಳೆ ಹೊಯ್ತಾ ಇದೆ, ಇದಕ್ಕೆ ಕುಡಿಯೋಕೆ ನೀರಿಲ್ವಾ?" ಅಂದರು.

ಆ ಚಿತ್ರದ ಅರ್ಥ ನೀರು ಬರುತ್ತಿಲ್ಲ ಅಂತ. ಒಂದೊಂದು ಕಂಪನಿಯದು ಒಂದೊಂದು ಗುರುತು. ಎಲ್‌ಜಿಯಲ್ಲಿ ಐಇ ಅಂತ ಬರುತ್ತದೆ, ಸ್ಯಾಮ್‌ಸಂಗ್‌ನಲ್ಲಿ 4ಇ ಅಥವಾ 4ಸಿ. ನಮ್ಮದು ಏಳು ಕೆಜಿಯ ಫ್ರಂಟ್ ಲೋಡ್. ಶಿವಮೊಗ್ಗದ ಒಬ್ಬ ರಿಪೇರಿಯವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ "ಬೋರ್ಡ್ ಹೋಗಿರುತ್ತೆ ಸರ್, ಆರು ಸಾವಿರ ಆಗಬಹುದು" ಅಂದರು. ಬೋರ್ಡ್ ಅಂದರೆ ಮೆಷಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್. ತೀರ್ಥಹಳ್ಳಿ ದಾಟಿ ಇಷ್ಟು ಒಳಗೆ ಬರೋಕೆ ವಾರ ಆಗುತ್ತದಂತೆ. ವಾರದ ತನಕ ಈ ಬೆಡ್‌ಶೀಟು ಕಾಯುತ್ತದಾ? ಬೂಷ್ಟಿಗೆ ಅಷ್ಟು ತಾಳ್ಮೆ ಇಲ್ಲ.

ಅವತ್ತು ರಾತ್ರಿ ಒಂದು ಉಪಾಯ ಮಾಡಿದೆ. ಸೋಪಿನ ಪುಡಿ ಹಾಕುವ ಡ್ರಾಯರ್ ಎಳೆದು, ಚೊಂಬಿನಿಂದ ನಿಧಾನಕ್ಕೆ ನೀರು ಹೊಯ್ದೆ. ಹತ್ತು ಹನ್ನೆರಡು ಲೀಟರ್ ಆಗುತ್ತಿದ್ದ ಹಾಗೆ ಡ್ರಮ್ಮು ತಿರುಗೋಕೆ ಶುರುವಾಯಿತು! ಜಾಲಿಸುವ ಪ್ರತಿ ಸುತ್ತಿಗೂ ಮತ್ತೆ ಹೊಯ್ಯಬೇಕು, ಅದೊಂದು ರಗಳೆ. ಆದರೆ ಇದರಿಂದ ಬಟ್ಟೆ ಒಗೆದದ್ದಕ್ಕಿಂತ ದೊಡ್ಡ ಲಾಭ ಒಂದಾಯಿತು. ಮೋಟಾರ್ ಸರಿ ಇದೆ. ಒಳಗೆ ಎಷ್ಟು ನೀರಿದೆ ಅಂತ ಅಳೆಯುವ ಪ್ರೆಶರ್ ಸ್ವಿಚ್ಚೂ ಸರಿ ಇದೆ. ಹಾಗಾದರೆ ತೊಂದರೆ ಇರೋದು ನಲ್ಲಿಯಿಂದ ಡ್ರಾಯರ್ ತನಕದ ಒಂದೂವರೆ ಮೀಟರ್ ಹಾದಿಯಲ್ಲಿ ಅಂತ ತಿಳ್ಕೊಂಡೆ. ಅದು ಅರ್ಧ ಮಾತ್ರ ನಿಜ, ಮುಂದೆ ಹೇಳುತ್ತೇನೆ.

ಬೆಳಿಗ್ಗೆ ಮೊದಲು ಮಾಡಿದ್ದು ಕಿವಿ ಕೊಟ್ಟು ಕೇಳೋದು. ಮಳೆಯ ಸದ್ದಿನಲ್ಲಿ ಇದು ಸುಲಭ ಅಲ್ಲ. ಮೆಷಿನ್ನಿನ ಹಿಂದೆ, ಮೇಲ್ಗಡೆ, ನೀರಿನ ಪೈಪು ಸೇರುವ ಜಾಗಕ್ಕೆ ಕಿವಿ ಹಚ್ಚಿ ಮಗನಿಗೆ ಬಟನ್ ಒತ್ತು ಅಂದೆ. ಸಣ್ಣಗೆ ಗುಂಯ್ ಅಂತ ಸದ್ದು ಬಂತು, ಜೇನುಹುಳ ದೂರದಲ್ಲಿ ಹಾರಿದ ಹಾಗೆ. ಆ ಸದ್ದು ಕೇಳಿ ಆರು ಸಾವಿರ ಉಳಿಯಿತು ಅನ್ನಿಸಿತು. ಯಾಕಂದರೆ ಬಾಗಿಲು ಲಾಕ್ ಆಗದೆ ಬೋರ್ಡು ನೀರಿನ ವಾಲ್ವಿಗೆ ಕರೆಂಟ್ ಬಿಡೋದಿಲ್ಲ. ವಾಲ್ವು ಗುಂಯ್ ಅಂತಿದೆ ಅಂದರೆ ಲಾಕ್ ಸರಿ, ಬೋರ್ಡ್ ಕರೆಂಟ್ ಕಳಿಸ್ತಾ ಇದೆ, ವಾಲ್ವನ್ನು ತೆರೆಸುವ ತಂತಿಸುರುಳಿ, ಅಂದರೆ ಕಾಯಿಲ್‌ಗೂ ಜೀವ ಇದೆ. ಸದ್ದೇ ಇಲ್ಲದಿದ್ದರೆ ಕಥೆ ಬೇರೆ. ಆಗ ಲಾಕು, ಕಾಯಿಲು, ವೈರು, ಬೋರ್ಡು ಇವುಗಳ ಕಡೆ ನೋಡಬೇಕು. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದು, ಮಲ್ಟಿಮೀಟರ್‌ನಲ್ಲಿ ಕಾಯಿಲ್ ಅಳೆದರೆ ಸಾಮಾನ್ಯವಾಗಿ ನಾಲ್ಕು ಕಿಲೋ ಓಮ್ ಆಸುಪಾಸು ಬರುತ್ತದೆ. ನಾನು ಬಿಡದೆ ಅದನ್ನೂ ನೋಡಿದೆ, 3.9 ಬಂತು. ಗ್ಯಾರಂಟಿ ಇನ್ನೂ ಇದ್ದರೆ ಮುಚ್ಚಳಕ್ಕೆ ಕೈ ಹಾಕೋಕೆ ಹೋಗಬೇಡಿ. ನೀರು ಒಳಗೆ ಬರುವ ಬಾಯಲ್ಲಿ ಕಸ ತಡೆಯೋಕೆ ಒಂದು ಜಾಲರಿ ಇರುತ್ತದೆ, ಅದನ್ನು ತೊಳೆಯೋಕೆ ಮುಚ್ಚಳ ತೆಗೆಯೋದು ಬೇಕಾಗಿಲ್ಲ.

ಆ ಜಾಲರಿಯ ವಿಷಯಕ್ಕೆ ಬರ್ತೀನಿ. ಪ್ಲಗ್ ಕಿತ್ತು ನಲ್ಲಿ ನಿಲ್ಲಿಸಿದೆ. ಕೆಳಗೆ ಒಂದು ಬಾಣಲೆ ಇಟ್ಟು ಮೆಷಿನ್ ಕಡೆಯ ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ನಟ್ ಕೈಯಲ್ಲೇ ಬಿಚ್ಚಿದೆ. ಒಳಗೆ ಬೆರಳುಗುರುತಿನಷ್ಟು ಅಗಲದ ಪುಟ್ಟ ಜಾಲರಿ ಇರುತ್ತದೆ. ಮಧ್ಯೆ ಹಿಡಿಯೋಕೆ ಅಂತಲೇ ಒಂದು ಸಣ್ಣ ಕಿವಿ. ಚೂಪು ಮೂತಿಯ ಇಕ್ಕಳದಲ್ಲಿ ಅದನ್ನು ಹಿಡಿದು ಅಲ್ಲಾಡಿಸುತ್ತಾ ಎಳೆದೆ. ಪಚಕ್ ಅಂತ ಬಂತು. ಜಾಲರಿ ಕಾಣಿಸಲೇ ಇಲ್ಲ. ಅದರ ಮೇಲೆ ಕುಂಕುಮ ಕಲಸಿಟ್ಟ ಹಾಗೆ ಕೆಂಪು ರಾಡಿ. ಬೆರಳಲ್ಲಿ ಸವರಿದರೆ ಲೋಳೆ ಲೋಳೆ. ಅದರೊಳಗೆ ಕೊಳೆತ ಎಲೆಯ ನಾರು, ಮರಳಿನ ನಾಲ್ಕು ಕಾಳು, ಮತ್ತೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಬಸವನಹುಳದ ಚಿಪ್ಪು.

ಇದು ಎಲ್ಲಿಂದ ಬಂತು ಅಂತ ಕೇಳೋದೇ ಬೇಡ. ನಮ್ಮದು ಅಬ್ಬಿ ನೀರು. ಗುಡ್ಡದ ಒರತೆಗೆ ಪೈಪಿನ ಬಾಯಿ ಕೊಟ್ಟು, ಸೊಪ್ಪಿನ ಬೆಟ್ಟದ ಅಂಚಲ್ಲೇ ಇಳಿಸಿ, ಮನೆ ಹಿಂದಿನ ಟ್ಯಾಂಕಿಗೆ ಬಿಟ್ಟಿದ್ದೇವೆ. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಪಿವಿಸಿಯಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಪಂಪು ಬೇಡ, ಕರೆಂಟ್ ಬಿಲ್ಲಿಲ್ಲ. ಆದರೆ ವರ್ಷದ ಮೊದಲ ದೊಡ್ಡ ಮಳೆಗೆ ಗುಡ್ಡದ ಮೇಲೆ ಬೇಸಿಗೆ ಪೂರ್ತಿ ಬಿದ್ದ ಒಣ ಎಲೆಯ ದರಗು, ಜಂಬಿಟ್ಟಿಗೆ ಮಣ್ಣು ಎಲ್ಲಾ ಒಟ್ಟಿಗೇ ಇಳಿದು ಬರುತ್ತದೆ. ಬೋರ್‌ವೆಲ್ ಗಡಸು ನೀರಿನ ಊರುಗಳಲ್ಲಿ ಜಾಲರಿಗೆ ಬಿಳಿ ಸುಣ್ಣ ಕಟ್ಟುತ್ತದೆ, ಅದಕ್ಕೆ ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಬೇಕು. ನಮ್ಮದಕ್ಕೆ ಹಳೆ ಹಲ್ಲುಜ್ಜುವ ಬ್ರಷ್ ಸಾಕಾಯಿತು. ಪೈಪಿನ ನಲ್ಲಿ ಕಡೆಯ ವಾಷರ್‌ನಲ್ಲೂ ಒಂದು ಜಾಲರಿ ಇತ್ತು, ಅದರದೂ ಇದೇ ಅವಸ್ಥೆ. ತೊಳೆದು, ರಬ್ಬರ್ ವಾಷರ್ ಸರಿ ಕೂರಿಸಿ, ನಟ್ ಕೈಯಲ್ಲೇ ಬಿಗಿ ಮಾಡಿದೆ. ಸ್ಪ್ಯಾನರ್ ಹಾಕಿ ತಿರುಗಿಸೋಕೆ ಹೋದರೆ ಪ್ಲಾಸ್ಟಿಕ್ಕಿನ ತಿರುಪಿನ ಗೆರೆ ಸವೆದು ಹೋಗುತ್ತದೆ.

ನೀರು ಬಂತು. ಮನೆಯಲ್ಲಿ ನನ್ನ ಬೆಲೆ ಸ್ವಲ್ಪ ಏರಿತು.

ಮೂರನೇ ದಿನ ಮತ್ತೆ ನಲ್ಲಿಯ ಚಿತ್ರ. ಈ ಸಲ ಜಾಲರಿ ತೆಗೆದರೆ ಹೆಚ್ಚು ಕಡಿಮೆ ಸ್ವಚ್ಛವಾಗೇ ಇತ್ತು. ವಾಲ್ವು ಗುಂಯ್ ಅಂತಿದೆ. ಪೈಪು ಬಿಚ್ಚಿ ಬಕೆಟ್ಟಿಗೆ ಹಿಡಿದರೆ ನೀರು ಧಾರಾಳ ಸುರೀತಾ ಇದೆ. ಇಲ್ಲೇ ನಾನು ಎರಡು ದಿನ ಕಳೆದೆ. ನೀರಿದೆ, ಕರೆಂಟಿದೆ, ವಾಲ್ವಿದೆ, ಮತ್ತೆ ಯಾಕೆ ಬರ್ತಿಲ್ಲ?

ಎಲೆಕ್ಟ್ರಿಕ್ ಅಂಗಡಿಯ ಗೆಳೆಯನ ಹತ್ತಿರ ಒಂದು ಸತ್ತ ವಾಲ್ವು ಬಿದ್ದಿತ್ತು. ತಂದು ಹ್ಯಾಕ್ಸಾದಲ್ಲಿ ಸೀಳಿದೆ. ಸೀಳಿದ ಮೇಲೆ ನನಗೆ ಅರ್ಥ ಆಯಿತು. ಒಳಗೆ ಐವತ್ತು ಪೈಸೆ ನಾಣ್ಯದಷ್ಟು ಅಗಲದ ರಬ್ಬರ್ ಪರದೆ ಇದೆ. ಅಂಚಿನಲ್ಲಿ ಸೂಜಿಮೊನೆಯಂಥ ತೂತು, ನಡುವೆ ಇನ್ನೊಂದು. ಕಾಯಿಲ್ಲು ಎತ್ತೋದು ನಡುವಿನ ತೂತನ್ನು ಮುಚ್ಚಿಕೊಂಡಿರುವ ಸಣ್ಣ ಕಡ್ಡಿಯನ್ನು ಮಾತ್ರ. ಅದು ಎದ್ದ ಕೂಡಲೇ ಪರದೆಯ ಮೇಲಿನ ನೀರು ಜಾರಿ ಹೋಗುತ್ತದೆ, ಆಗ ಕೆಳಗಿನ ನೀರು ತನ್ನ ಒತ್ತಡದಿಂದ ಪರದೆಯನ್ನು ಎತ್ತಿ ದಾರಿ ಮಾಡಿಕೊಳ್ಳುತ್ತದೆ. ಅಂದರೆ ಕರೆಂಟ್ ತೆಗೆಯೋದು ಚಿಲಕ ಮಾತ್ರ, ಬಾಗಿಲು ದೂಡಬೇಕಾದ್ದು ನೀರೇ. ಆ ನೀರಿಗೆ ದೂಡುವ ಶಕ್ತಿ ಇಲ್ಲದಿದ್ದರೆ ವಾಲ್ವು ಗುಂಯ್ ಅಂತಾನೇ ಇರುತ್ತದೆ. ಬಕೆಟ್ಟಿಗೆ ಸುರಿಯುವಾಗ ಅಡ್ಡ ಯಾವ ಬಾಗಿಲೂ ಇಲ್ಲ, ಅದಕ್ಕೇ ಧಾರಾಳವಾಗಿ ಕಂಡದ್ದು.

ಇನ್ನೊಂದು ಒಗಟೂ ಇದರ ಜೊತೆಗೇ ಬಗೆಹರಿಯಿತು. ಕೆಲವು ದಿನ ಬೆಳಿಗ್ಗೆ ಮೆಷಿನ್ ಬಾಗಿಲು ತೆಗೆದರೆ ತಂತಾನೇ ನೀರು ಸೇರಿರುತ್ತಿತ್ತು. ಆ ರಬ್ಬರ್ ಪರದೆ ಬಿಗಿಯಾಗಿ ಮುಚ್ಚಿಕೊಳ್ಳೋಕೂ ನೀರಿನ ಒತ್ತಡವೇ ಬೇಕು. ಕಡಿಮೆ ಆದರೆ ಸಣ್ಣಗೆ ಜಿನುಗುತ್ತದೆ.

ಮೆಷಿನ್ ಜೊತೆ ಬಂದ ಪುಸ್ತಕ ಹುಡುಕಿದೆ. ಕನಿಷ್ಠ 0.3 ಬಾರ್ ಅಂತ ಬರೆದಿತ್ತು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಹತ್ತಿರ ಹತ್ತಿರ ಒಂದು ಬಾರ್. ಹಾಗಾದರೆ 0.3 ಅಂದರೆ ಮೂರು ಮೀಟರ್, ನಮ್ಮ ಲೆಕ್ಕದಲ್ಲಿ ಹತ್ತು ಅಡಿ. ಟ್ಯಾಂಕಿನ ನೀರಿನ ಮಟ್ಟ ಮೆಷಿನ್ನಿನ ವಾಲ್ವಿಗಿಂತ ಹತ್ತು ಅಡಿ ಮೇಲಿರಬೇಕು. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಅಟ್ಟದಲ್ಲಿತ್ತು. ನಾನು ಮಗ ಇಬ್ಬರೂ ಕಂಬಳಿಕೊಪ್ಪೆ ಹಾಕಿಕೊಂಡು ಅಳೆದೆವು. ತುಂಬಿದ ಟ್ಯಾಂಕಿನಿಂದ ಒಂಬತ್ತು ಅಡಿ. ಅರ್ಧ ಟ್ಯಾಂಕ್ ಇದ್ದರೆ ಏಳೂವರೆ. ಅಳೆದು ಒಳಗೆ ಬರುವಷ್ಟರಲ್ಲಿ ಕಾಲಿಗೆ ಮೂರು ಉಂಬಳ (ಜಿಗಣೆ).

ತಪ್ಪು ಯಾರದ್ದು ಅಂತ ಆಗ ಹೊಳೆಯಿತು. ನನ್ನದೇ. ಮೊದಲು ಮೆಷಿನ್ ಬಚ್ಚಲುಮನೆಯಲ್ಲಿತ್ತು. ಬಚ್ಚಲು ಮನೆಗಿಂತ ನಾಲ್ಕು ಅಡಿ ತಗ್ಗಿನಲ್ಲಿದೆ. ಹಂಡೆ ಒಲೆಯ ಹೊಗೆ, ಬೂದಿ ಬೀಳ್ತದೆ ಅಂತ ಮೇ ತಿಂಗಳಲ್ಲಿ ಅದನ್ನು ಹಿಂದಿನ ಜಗಲಿಗೆ ತಂದು, ಕೆಳಗೊಂದು ಅಡಿಯ ಸ್ಟ್ಯಾಂಡ್ ಬೇರೆ ಕೊಟ್ಟಿದ್ದೆ. ಒಟ್ಟು ಐದು ಅಡಿ ಏರಿಸಿದ ಹಾಗಾಯಿತು. ಹದಿನಾಲ್ಕು ಅಡಿಯ ಒತ್ತಡ ಒಂಬತ್ತಕ್ಕೆ ಇಳಿಯಿತು. ಬೇಸಿಗೆಯಲ್ಲಿ ಜಾಲರಿ ಚೊಕ್ಕಟ ಇದ್ದದ್ದಕ್ಕೆ ಹೇಗೋ ತೊಟ್ಟಿಕ್ಕಿಕೊಂಡು ನಡೆದಿತ್ತು. ಅಂಚಿನಲ್ಲಿ ನಿಂತಿದ್ದವನನ್ನು ಮಳೆಗಾಲದ ರಾಡಿ ದೂಡಿತು, ಅಷ್ಟೆ.

ಮೆಷಿನ್ನನ್ನು ವಾಪಸ್ ಬಚ್ಚಲಿಗೆ ಇಳಿಸಬಹುದಿತ್ತು. ಯಾಕೆ ಇಳಿಸಲಿಲ್ಲ ಅಂದರೆ, ಹೊಸ ಜಾಗಕ್ಕೆ ಟೈಲ್ಸ್ ಹಾಕಿಸಿಯಾಗಿತ್ತು. ಪ್ರೆಶರ್ ಪಂಪ್ ಹಾಕು ಅಂದವರಿದ್ದರು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡೆರಡು ದಿನ ಕರೆಂಟ್ ಇರೋದಿಲ್ಲ, ಬಂದರೂ ಸಂಜೆ ಹೊತ್ತು ವೋಲ್ಟೇಜ್ 170 ದಾಟೋದಿಲ್ಲ. ಮೆಷಿನ್ನಿಗೇ ಸ್ಟೆಬಿಲೈಜರ್ ಇಟ್ಟಿದ್ದೇನೆ, ಇನ್ನೊಂದು ಪಂಪು ಯಾರಿಗೆ ಬೇಕು? ಗುಡ್ಡದಿಂದ ಪುಕ್ಕಟೆ ಒತ್ತಡ ಇಳಿದು ಬರ್ತಾ ಇದೆ. ಅದನ್ನು ಟ್ಯಾಂಕಿಗೆ ಬಿಟ್ಟು ನಾವೇ ಹಾಳು ಮಾಡ್ತಾ ಇದ್ದೇವೆ. ತೋಟದ ಡ್ರಿಪ್‌ನ ಪ್ರೆಶರ್ ಗೇಜ್ ಬಿಚ್ಚಿ ತಂದು, ಗುಡ್ಡದ ಪೈಪಿಗೆ ಸಿಕ್ಕಿಸಿ ತುದಿ ಮುಚ್ಚಿದೆ. ಮುಳ್ಳು ಚದರ ಸೆಂಟಿಮೀಟರಿಗೆ ಒಂದೂಮುಕ್ಕಾಲು ಕೆಜಿ ಒತ್ತಡ ತೋರಿಸಿತು. ಸುಮಾರು 57 ಅಡಿ ಎತ್ತರದ ನೀರು! ಮೆಷಿನ್ ಕೇಳುವ ಒತ್ತಡದ ಐದಾರು ಪಟ್ಟು.

ಹಾಗಾಗಿ ಟ್ಯಾಂಕಿನ ಮೊದಲೇ ಪೈಪನ್ನು ಎರಡು ಕಡೆಗೆ ಕವಲಾಗಿಸುವ ಒಂದು ಟೀ ಹಾಕಿ ಮೆಷಿನ್ನಿಗೆ ನೇರ ಲೈನ್ ಎಳೆದೆ. ಟ್ಯಾಂಕಿನ ಬಾಯಿ ತೆರೆದೇ ಇದ್ದರೆ ಒತ್ತಡವೆಲ್ಲ ಅತ್ತ ಸೋರಿ ಹೋಗುತ್ತದೆ ಅಂತ ಆ ಕಡೆಗೊಂದು ಗೇಟ್‌ವಾಲ್ವ್ ಕೊಟ್ಟೆ. ಮೊದಲ ದಿನ ಹುರುಪಿನಲ್ಲಿ ಅದನ್ನು ಪೂರ್ತಿ ತಿರುಗಿಸಿ ಮುಚ್ಚಿಬಿಟ್ಟೆ. ನಮ್ಮ ಗುಡ್ಡದ ಪೈಪಿನ ಜಾಯಿಂಟುಗಳಿಗೆ ಸಲ್ಯೂಷನ್ ಹಚ್ಚಿಲ್ಲ, ಹಳೆ ಸೈಕಲ್ ಟ್ಯೂಬ್ ಸುತ್ತಿ ಕೂರಿಸಿದ್ದು. ಕೊಟ್ಟಿಗೆಯ ಹಿಂದೆ ಒಂದು ಜಾಯಿಂಟು ಢಬ್ ಅಂತ ಕಳಚಿತು. ಅಲ್ಲೇ ಸೊಪ್ಪು ಹಾಕ್ತಾ ಇದ್ದ ಅಮ್ಮ ಪೂರ್ತಿ ಒದ್ದೆ. ಅವತ್ತು ಏರಿದ್ದ ಬೆಲೆ ಇಳಿಯಿತು. ಈಗ ಒಗೆಯುವ ಹೊತ್ತಿಗೆ ವಾಲ್ವನ್ನು ಮುಕ್ಕಾಲು ಮಾತ್ರ ಮುಚ್ಚುತ್ತೇನೆ. ಅಷ್ಟೇ ಸಾಕಾಗುತ್ತದೆ.

ರಾಡಿಗೆ ಡ್ರಿಪ್ ಅಂಗಡಿಯಿಂದ ಒಂದಿಂಚಿನ ಡಿಸ್ಕ್ ಫಿಲ್ಟರ್ ತಂದೆ, 120 ಮೆಷ್‌ನದು. ಅಂದರೆ 130 ಮೈಕ್ರಾನ್‌ಗಿಂತ ದಪ್ಪದ್ದು ದಾಟೋದಿಲ್ಲ. ಒಳಗಿನ ಬಿಲ್ಲೆಗಳನ್ನು ಭಾನುವಾರಕ್ಕೊಮ್ಮೆ ಬಿಚ್ಚಿ ನೀರಲ್ಲಿ ಅಲುಬಿದರಾಯಿತು. ಒರತೆಯ ಬಾಯಿಗೆ ತೂತು ಕೊರೆದ ಪೈಪು ಇಟ್ಟು ಹಳೆ ಸೊಳ್ಳೆಪರದೆ ಸುತ್ತಿದ್ದೇನೆ. ಅದಾದ ಮೇಲೆ ಮೆಷಿನ್ನಿನ ಜಾಲರಿ ಮೂರು ತಿಂಗಳಿಗೊಮ್ಮೆ ನೋಡಿದರೂ ನಡೆಯುತ್ತಿದೆ. ಮಾರ್ಚಿನ ಹೊತ್ತಿಗೆ ಒರತೆ ಸೊರಗುತ್ತದೆ, ಆಗ ಹಳೆ ಟ್ಯಾಂಕಿನ ಲೈನಿಗೇ ತಿರುಗಿಸಬೇಕು, ತುಂಬೋಕೆ ಹೊತ್ತು ಹಿಡಿಯುತ್ತದೆ.

ಇದೇ ಮಳೆಗಾಲದಲ್ಲಿ ಹೊಸನಗರದ ನೆಂಟರ ಮನೆಯಿಂದಲೂ ಫೋನ್ ಬಂತು, ಮೆಷಿನ್ನಿಗೆ ನೀರು ತುಂಬ್ತಾ ಇಲ್ಲ ಅಂತ. ಜಾಲರಿ ಅನ್ನೋಕೆ ಬಾಯಿ ತೆರೆದವನು, ಒಂದು ಪ್ರಶ್ನೆ ಕೇಳಿದೆ: ಒಳಗೆ ನೀರು ಬೀಳೋ ಸದ್ದು ಇದೆಯಾ? ಇದೆ ಅಂದರು. ಹೊರಗೆ ಹೋಗೋ ಪೈಪು ಎಲ್ಲಿದೆ? ನೆಲದ ಮೇಲೆ, ಮೋರಿಗೆ ಬಿಟ್ಟಿದ್ದೇವೆ ಅಂದರು. ಅಷ್ಟೇ ವಿಷಯ. ಆ ಪೈಪಿನ ತುದಿ ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಬಾಗಿರಬೇಕು. ತಗ್ಗಿಗೆ ಬಿಟ್ಟರೆ ಬಂದ ನೀರು ಬಂದ ಹಾಗೇ ಇಳಿದು ಹೋಗುತ್ತದೆ, ಮೆಷಿನ್ನು ನೀರು ಬರಲಿಲ್ಲ ಅಂತ ದೂರು ಹೇಳುತ್ತದೆ. ಗೋಡೆಗೊಂದು ಮೊಳೆ ಹೊಡೆದು ಸಿಕ್ಕಿಸಿದರಂತೆ, ಸರಿಯಾಯಿತು.

ನಮ್ಮನೆಯಲ್ಲಿ ಇನ್ನೂ ಬಗೆಹರಿಯದ್ದು ಬಿಳಿ ಬಟ್ಟೆ. ಡಿಸ್ಕ್ ಫಿಲ್ಟರ್ ಕಸ ಹಿಡಿಯುತ್ತದೆ, ಬಣ್ಣ ಹಿಡಿಯೋದಿಲ್ಲ. ಆರಿದ್ರಾ ಮಳೆಯ ಜೋರಿಗೆ ಒರತೆ ಕೆಂಪಾಯಿತು ಅಂದರೆ ಅಪ್ಪನ ಪಂಚೆ ಕಾವಿಯಾಗಿ ಹೊರಗೆ ಬರುತ್ತದೆ. ಅಂಥ ದಿನ ಅಮ್ಮ ನಲ್ಲಿ ನಿಲ್ಲಿಸಿ, ಬಾವಿಯಿಂದ ಎರಡು ಕೊಡ ಸೇದಿ ತಂದು, ಡ್ರಾಯರ್ ಎಳೆದು ಚೊಂಬಿನಲ್ಲಿ ಹೊಯ್ಯುತ್ತಾ ಕೂರುತ್ತಾರೆ.