ನಮ್ಮೂರ ಗುಂಡುತೋಪು ಉಳಿಸಿಕೊಂಡಿದ್ದು ಹೀಗೆ: ನನ್ನ ಅನುಭವ

ನಮ್ಮ ಊರು ಚಿಕ್ಕಬಳ್ಳಾಪುರದ ಕಡೆ. ಊರಾಚೆ, ಕೆರೆ ಏರಿಗೆ ಹೋಗುವ ದಾರಿಯಲ್ಲಿ ಒಂದು ಗುಂಡುತೋಪಿದೆ, ಅಂದರೆ ಊರೊಟ್ಟಿನ ಬಳಕೆಗೆ ಬಿಟ್ಟ ಸರ್ಕಾರಿ ಜಾಗದ ಮರಗಳ ತೋಪು. ಒಟ್ಟು 3 ಎಕರೆ 12 ಗುಂಟೆ. ಹುಣಸೆ ಮರಗಳೇ ಜಾಸ್ತಿ. ಜೊತೆಗೆ ಹೊಂಗೆ, ನೇರಳೆ, ಎರಡು ಇಪ್ಪೆ, ಒಂದು ದೊಡ್ಡ ಆಲ. ನಾನು ಹುಡುಗನಾಗಿದ್ದಾಗ ಸಂತೆಗೆ ಹೋಗುವ ಗಾಡಿಗಳು ಮಧ್ಯಾಹ್ನದ ಬಿಸಿಲಿಗೆ ಅಲ್ಲೇ ನಿಲ್ಲುತ್ತಿದ್ದವು. ಎತ್ತು ಬಿಚ್ಚಿ ಕಟ್ಟಿ, ಬುತ್ತಿ ಉಂಡು, ಒಂದು ಗಳಿಗೆ ಮಲಗಿ ಹೋಗುತ್ತಿದ್ದರು. ಜಾತ್ರೆ ದಿನ ಊರೊಟ್ಟಿನ ಅಡುಗೆಯೂ ಅಲ್ಲೇ.

ಗಣಿತದ ಮೇಷ್ಟ್ರಾಗಿ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿ, ನಿವೃತ್ತಿಯಾಗಿ 2017ರಲ್ಲಿ ವಾಪಸ್ ಬಂದೆ. ತೋಪಿನೊಳಗೆ ಕಾಲಿಡಲು ಆಗುತ್ತಿರಲಿಲ್ಲ. ಆಳೆತ್ತರ ಲಂಟಾನದ ಕಳೆ ಪೊದೆ. ರಸ್ತೆ ಬದಿಯಲ್ಲಿ ಕೋಳಿ ಪುಕ್ಕದ ಮೂಟೆಗಳು. ಊರಿನವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: 'ಅದು ಸುಮ್ನೆ ಬಿದ್ದಿರೋ ಜಾಗ ಬಿಡಿ.' ಒಂದು ಜಾಗಕ್ಕೆ ಆ ಹೆಸರು ಬಂತು ಅಂದರೆ ಅದರ ಆಯಸ್ಸು ಮುಗಿಯುತ್ತಾ ಬಂತು ಅಂತಲೇ ಲೆಕ್ಕ. ಖಾಲಿ ಇದೆ ಅಂತ ಒಬ್ಬರು ಕಸ ಹಾಕುತ್ತಾರೆ, ಇನ್ನೊಬ್ಬರು ಬದು ಸರಿಸುತ್ತಾರೆ, ಆಮೇಲೆ ಯಾರಾದರೂ ಕಟ್ಟಡದ ನಕ್ಷೆ ಹಿಡಿದು ಬರುತ್ತಾರೆ.

ನಾವು ಮೊದಲು ಐದಾರು ಜನ ಸೇರಿದೆವು. ಒಬ್ಬರು ಅಂಚೆ ಕಚೇರಿಯಿಂದ ನಿವೃತ್ತರಾದವರು, ಒಬ್ಬ ಹುಡುಗ ಮೊಬೈಲ್ ಅಂಗಡಿಯವನು, ಇಬ್ಬರು ಅಂಗನವಾಡಿ ಕಾರ್ಯಕರ್ತೆಯರು. ಮಚ್ಚು ಹಿಡಿದು ಲಂಟಾನ ಕಡಿಯಲು ಎಲ್ಲರಿಗೂ ಉತ್ಸಾಹ. ನಾನು ಮಾತ್ರ ಮೊದಲು ಕಾಗದ ನೋಡೋಣ ಅಂದೆ. ಇವತ್ತಿಗೂ ಯಾರಾದರೂ ನಮ್ಮನ್ನು ಕೇಳಿಕೊಂಡು ಬಂದರೆ ಹೇಳುವುದು ಅದನ್ನೇ.

ಪಹಣಿ ತೆಗೆಸಿದೆವು. ಅದರಲ್ಲಿ 'ಸರ್ಕಾರಿ ಗುಂಡುತೋಪು' ಅಂತಲೇ ಇತ್ತು. ಅಷ್ಟಕ್ಕೇ ಸಮಾಧಾನ ಪಡಬಾರದು. ಗ್ರಾಮ ನಕಾಶೆ, ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯ ಬರೆದಿರುವ ಸರ್ವೆ ಇಲಾಖೆಯ ದಾಖಲೆ), ಪಹಣಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸರ್ವೆ ನಂಬರ್, ವಿಸ್ತೀರ್ಣ ಮೂರರಲ್ಲೂ ತಾಳೆಯಾಗಬೇಕು. ಎಲ್ಲಾದರೂ ಒಂದು ಗುಂಟೆ ಹೆಚ್ಚು ಕಡಿಮೆ ಇದ್ದರೆ ಮುಂದೆ ತಕರಾರು ಹುಟ್ಟುವುದು ಅಲ್ಲೇ. ಸುಮ್ನೆ ಕೇಳಿದರೆ ಸಿಗದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಶುಲ್ಕ ಬರೀ 10 ರೂಪಾಯಿ, ಉತ್ತರಕ್ಕೆ 30 ದಿನ ಗಡುವು. ಆದರೆ ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ನಮ್ಮ ಮೊದಲ ಅರ್ಜಿ ಎರಡು ಪುಟ ಇತ್ತು, ವಾಪಸ್ ಬಂತು. ಆಮೇಲೆ 'ಸರ್ವೆ ನಂಬರ್ ಇಂಥದ್ದರ ಗ್ರಾಮ ನಕಾಶೆಯ ದೃಢೀಕೃತ ಪ್ರತಿ ಕೊಡಿ' ಅಂತ ಒಂದೇ ಸಾಲು ಬರೆದೆವು. ಸಿಕ್ಕಿತು.

ಆದರೆ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದ ಕಾಗದ ಬೇರೆಯೇ. ತೋಪಿನ ಹುಣಸೆ ಫಸಲನ್ನು ವರ್ಷಾ ವರ್ಷಾ ಪಂಚಾಯಿತಿ ಹರಾಜು ಹಾಕುತ್ತದೆ. ಹಳೇ ಹರಾಜಿನ ಪಟ್ಟಿಗಳು ಒಂದು ಬಟ್ಟೆ ಗಂಟಿನಲ್ಲಿದ್ದವು. 1980ರ ದಶಕದ ಒಂದು ಹಾಳೆಯಲ್ಲಿ ನೀಲಿ ಶಾಯಿಯಲ್ಲಿ 'ಹುಣಸೆ 43' ಅಂತ ಬರೆದಿತ್ತು. ನಾವು ಹೋಗಿ ಎಣಿಸಿದಾಗ 38 ಇದ್ದವು. ಊರಿನ ಜಾಗ ಊರಿನ ಉಪಯೋಗಕ್ಕೇ ಇತ್ತು ಅನ್ನುವುದಕ್ಕೆ ಆ ಒಂದು ಹಾಳೆ ಸಾಕಾಗಿತ್ತು.

ಆಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿದೆವು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಭೂಮಾಪಕರು ಸರಪಳಿ ಹಿಡಿದು ಬಂದರು. 33 ಅಡಿ ಸರಪಳಿ. ಒಂದು ಗುಂಟೆ ಅಂದರೆ ಉದ್ದ 33, ಅಗಲ 33. ಪಶ್ಚಿಮದ ಕಡೆ ಗಡಿಕಲ್ಲು ಸಿಗಲೇ ಇಲ್ಲ. ಆಗ ನಮ್ಮೂರಿನ ತಳವಾರಿಕೆ ಮನೆಯ ಹಿರಿಯರೊಬ್ಬರು ಊರುಗೋಲು ಹಿಡಿದು ನಿಧಾನವಾಗಿ ನಡೆದು ಬಂದರು. ಆಲದ ಬುಡದಿಂದ ಹೆಜ್ಜೆ ಎಣಿಸುತ್ತಾ ಹೋಗಿ, ಒಂದು ಹುತ್ತದ ಪಕ್ಕ ನಿಂತು 'ಇಲ್ಲಿ ಅಗೀರಪ್ಪಾ' ಅಂದರು. ಒಂದೂವರೆ ಅಡಿ ಅಗೆದಾಗ ಗುದ್ದಲಿಗೆ ಟಣ್ ಅಂತ ಕಲ್ಲು ತಗುಲಿತು. ಮೇಲೆ ಕೊರೆದ ಗುರುತು ಹಾಗೇ ಇತ್ತು. ಎಲ್ಲರೂ ಒಂದು ನಿಮಿಷ ಮಾತಾಡಲಿಲ್ಲ.

ಆ ಕಲ್ಲಿನ ಲೆಕ್ಕದಲ್ಲಿ ಪಕ್ಕದ ಹೊಲದವರ ಹತ್ತಿರ ತೋಪಿನ 9 ಗುಂಟೆ ಸೇರಿಕೊಂಡಿತ್ತು. ಅವರೇನು ಬೇಕಂತ ಮಾಡಿದ್ದಲ್ಲ. ಅವರ ತಂದೆಯ ಕಾಲದಿಂದ ಪ್ರತಿ ವರ್ಷ ನೇಗಿಲು ಒಂದೊಂದು ಸಾಲು ಈಚೆ ಬಂದಿತ್ತು. ಹೊಲದಲ್ಲಿ ರಾಗಿ ತೆನೆ ಬಿಟ್ಟಿತ್ತು. ಕೊಯ್ಲು ಮುಗಿಯಲಿ ಅಂತ ಕಾದೆವು. ರಾಗಿ ಮನೆಗೆ ಹೋದ ಮೇಲೆ ಅವರೇ ಬಂದು ಹೊಸ ಬದು ಹಾಕಲು ಕೈ ಹಾಕಿದರು. ಅವತ್ತು ಜೆಸಿಬಿ ತಂದು ನುಗ್ಗಿಸಿದ್ದರೆ ಇವತ್ತಿಗೂ ಕೋರ್ಟಿನಲ್ಲಿ ಇರುತ್ತಿದ್ದೆವು.

2018ರಲ್ಲಿ ನಮ್ಮ ಗುಂಪಿನ ನೋಂದಣಿ ಮಾಡಿಸಿದೆವು. ಟ್ರಸ್ಟ್ ಮಾಡೋದಾ, ಸಂಘ ಮಾಡೋದಾ ಅಂತ ತುಂಬಾ ಚರ್ಚೆಯಾಯಿತು. ಟ್ರಸ್ಟ್ ಸುಲಭ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಪತ್ರ ನೋಂದಾಯಿಸಿದರೆ ಆಯಿತು. ನಾವು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘವನ್ನೇ ಮಾಡಿದೆವು. ಕನಿಷ್ಠ 7 ಜನ ಬೇಕು, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಕೆಲಸ ಜಾಸ್ತಿ. ಆದರೆ ಊರಿನ ಯಾರು ಬೇಕಾದರೂ ಸದಸ್ಯರಾಗಿ ನಮ್ಮನ್ನು ಓಟು ಹಾಕಿ ಕೆಳಗಿಳಿಸಬಹುದು. ನನಗೆ ಬೇಕಾಗಿದ್ದು ಅದೇ. ದುಡ್ಡಿನ ವಿಷಯದಲ್ಲಿ ಎರಡೇ ಮಾತು: ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, 10 ರೂಪಾಯಿ ಕೊಟ್ಟವರಿಗೂ ರಸೀದಿ ಕೊಡಿ.

ಲಂಟಾನದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊದಲ ವರ್ಷ ನಾವು ಬುಡದಲ್ಲಿ ಕಡಿದು ಸುಟ್ಟೆವು. ಮುಂಗಾರಿನ ಎರಡು ಮಳೆ ಬಿದ್ದದ್ದೇ ತಡ, ಒಂದು ಬುಡಕ್ಕೆ ಹತ್ತು ಚಿಗುರು. ಕಡಿದರೆ ಅದು ಸಾಯುವುದಿಲ್ಲ. ಬುಡದ ಮಣ್ಣು ಕೆದಕಿ, ನೆಲದಿಂದ ಮೂರು ನಾಲ್ಕು ಅಂಗುಲ ಕೆಳಗೆ ಬೇರಿಗೇ ಏಟು ಹಾಕಿ, ಇಡೀ ಬುಡ ಕಿತ್ತು ಬೇರು ಮೇಲೆ ಮಾಡಿ ಒಣಗಲು ಬಿಡಬೇಕು. ಹಕ್ಕಿಗಳು ಹಣ್ಣು ತಿಂದು ಮತ್ತೆ ಬೀಜ ಉದುರಿಸುತ್ತವೆ, ಹಾಗಾಗಿ ಮೂರು ವರ್ಷ ಬಿಡದೆ ಸಸಿಗಳನ್ನು ಕೀಳಬೇಕು. ಕಾಂಗ್ರೆಸ್ ಗಿಡವನ್ನಂತೂ ಹೂ ಬಿಡುವ ಮುಂಚೆ, ಕೈಗೆ ಗ್ಲೌಸ್ ಹಾಕಿಕೊಂಡೇ ಕೀಳಬೇಕು. ನಮ್ಮಲ್ಲಿ ಒಬ್ಬರಿಗೆ ಬರಿಗೈಯಲ್ಲಿ ಕಿತ್ತು ಮೈಯೆಲ್ಲ ದದ್ದು ಎದ್ದಿತ್ತು. ಇನ್ನೊಂದು ವಿಷಯ: ಇಪ್ಪೆ, ನೇರಳೆ ಬೀಜ ಕೂಡಿಡುವಂಥದ್ದಲ್ಲ. ಬಿದ್ದ ಕೆಲವೇ ದಿನಗಳಲ್ಲಿ ಪಾಟಿಗೆ ಹಾಕಬೇಕು, ತಡವಾದರೆ ಮೊಳೆಯುವುದಿಲ್ಲ.

ಈಗ ನಾವು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ. 2019ರಲ್ಲಿ 120 ಸಸಿ ನೆಟ್ಟೆವು. ಅವು ಉಳಿಯಲಿ ಅಂತ ಪಂಚಾಯಿತಿಯ ಅನುಮತಿ ಪಡೆದು ಸುತ್ತಲೂ ಮುಳ್ಳುತಂತಿ ಬೇಲಿ ಹಾಕಿ, ಒಂದು ಗೇಟು ಇಟ್ಟು ಬೀಗ ಹಾಕಿದೆವು. ನಮ್ಮ ಸಂಘದ ಹೆಸರು ದೊಡ್ಡದಾಗಿ ಬರೆದ ಬೋರ್ಡು ನಿಲ್ಲಿಸಿದೆವು. ತೋಪು ನೋಡಲು ಎಷ್ಟು ಚೆಂದ ಆಯಿತು ಅಂದರೆ, ನಾನು ದಿನಾ ಬೆಳಗ್ಗೆ ಹೋಗಿ ನೋಡಿ ಬರುತ್ತಿದ್ದೆ.

ಒಂದು ದಿನ ಗೇಟಿನ ಹತ್ತಿರ ಕುರಿ ಮೇಯಿಸುವ ಒಬ್ಬ ಅಜ್ಜಿ ನಿಂತಿದ್ದರು. ಹಿಂದೆ ಹತ್ತು ಹನ್ನೆರಡು ಕುರಿ, ಬಿಸಿಲಿಗೆ ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿಕೊಂಡು ನಿಂತಿದ್ದವು. ಅಜ್ಜಿ ತಂತಿ ಹಿಡಿದುಕೊಂಡು ಕೇಳಿದರು: 'ಮೇಷ್ಟ್ರೇ, ನಿಮ್ ಜಾಗದಲ್ಲಿ ಒಂದು ಗಳಿಗೆ ಕುರಿ ನಿಲ್ಲಿಸಿಕೊಳ್ಳಲಾ? ಬಿಸಿಲು ಇಳಿದ ಮೇಲೆ ಹೋಗ್ತೀನಿ.'

ನಿಮ್ಮ ಜಾಗ. ನನಗಿಂತ ಮೊದಲಿಂದ ಆ ನೆರಳಿನಲ್ಲಿ ಕೂತವರು ನನ್ನನ್ನು ಕೇಳುತ್ತಿದ್ದಾರೆ. ನಾನು ಬೀಗ ತೆಗೆದೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾರಿಂದ ಜಾಗ ಉಳಿಸಬೇಕು ಅಂತ ಹೊರಟಿದ್ದೆವೋ, ನಾವೂ ಅವರ ಹಾಗೇ ಬೇಲಿ ಹಾಕಿಬಿಟ್ಟಿದ್ದೆವು, ಅಲ್ವಾ?

ಮುಂದಿನ ಸಭೆಯಲ್ಲಿ ಈ ಮಾತು ಇಟ್ಟೆ. ಜಗಳವೇ ಆಯಿತು. ಸಸಿಗೆ ನೀರು ಹೊತ್ತವರ ಸಂಕಟ ನಿಜವಾದದ್ದು, ಕುರಿ ಬಾಯಿ ಹಾಕಿದರೆ ಎರಡು ವರ್ಷದ ಶ್ರಮ ಹೋಗುತ್ತದೆ. ಕೊನೆಗೆ ಕುರಿ, ದನ ಮೇಯಿಸುವವರನ್ನೇ ಸಭೆಗೆ ಕರೆದು ಕೂತು ಮಾತಾಡಿದೆವು. ದಾರಿ ಅವರೇ ತೋರಿಸಿದರು. ತಂತಿ ಬೇಲಿ ತೆಗೆದು, ಒಂದೊಂದು ಸಸಿಗೂ ಜಾಲಿ ಮುಳ್ಳಿನ ಕಟ್ಟು ಕಟ್ಟಿದೆವು. ಮುಳ್ಳು ತಂದುಕೊಟ್ಟವರೂ ಅವರೇ. ಕೆರೆ ಕಡೆಯ ಅರ್ಧ ತೋಪಿಗೆ ಯಾವಾಗ ಬೇಕಾದರೂ ದನ ಕುರಿ ಬರಬಹುದು, ಸಸಿ ಇರುವ ಅರ್ಧಕ್ಕೆ ಅವು ಕುರಿಯ ಬಾಯಿಗೆ ಸಿಗದಷ್ಟು ಎತ್ತರ ಆಗುವವರೆಗೆ ಬೇಡ ಅಂತ ಒಪ್ಪಂದ. ಟ್ರ್ಯಾಕ್ಟರ್ ನುಗ್ಗದ ಹಾಗೆ ರಸ್ತೆ ಬದಿಗೆ ಮಾತ್ರ ಒಂದು ಟ್ರೆಂಚು. ಅದನ್ನು ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಿ ನರೇಗಾದಲ್ಲಿ ಮಾಡಿಸಿದೆವು. ಬೋರ್ಡಿನಲ್ಲಿ ಸಂಘದ ಹೆಸರು ಅಳಿಸಿ, 'ಸರ್ಕಾರಿ ಗುಂಡುತೋಪು', ಸರ್ವೆ ನಂಬರ್, ವಿಸ್ತೀರ್ಣ ಇಷ್ಟೇ ಬರೆಸಿದೆವು. 120ರಲ್ಲಿ 71 ಸಸಿ ಉಳಿದವು. ಬೇಲಿ ಇದ್ದಿದ್ದರೆ ಇನ್ನೊಂದಿಷ್ಟು ಉಳಿಯುತ್ತಿದ್ದವು, ಅದು ನನಗೆ ಗೊತ್ತು.

ಅದೇ ಚಳಿಗಾಲದಲ್ಲಿ ಎಲ್ಲರೂ ಒಂದು ಟೆಂಪೋ ಮಾಡಿಕೊಂಡು ದೇವನಹಳ್ಳಿ ಹತ್ತಿರದ ನಲ್ಲೂರಿಗೆ ಹೋಗಿ ಬಂದೆವು. ಅಲ್ಲಿಯ 54 ಎಕರೆ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ದೇಶದಲ್ಲೇ ಅದು ಮೊದಲನೆಯದು. ಟೊಳ್ಳಾದ ಬೊಡ್ಡೆಗಳ ಒಳಗೆ ಮನುಷ್ಯರು ನಿಲ್ಲಬಹುದು, ಅಂಥ ಮರಗಳಲ್ಲೂ ಹಸಿರು ಚಿಗುರು. ಅವತ್ತಿನಿಂದ ನಮ್ಮವರಾರೂ ಹಳೇ ಹುಣಸೆ ಮರ ನೋಡಿ 'ಇದು ಸತ್ತಿದೆ, ಕಡಿಸೋಣ' ಅಂದಿಲ್ಲ.

2022ರಲ್ಲಿ ನಾವು ಹೆದರಿದ್ದೇ ಬಂತು. ತೋಪಿನ ಒಂದು ಎಕರೆಯಲ್ಲಿ ಒಂದು ಕಟ್ಟಡ ಕಟ್ಟುವ ಪ್ರಸ್ತಾಪ. ಕಾಗದಗಳು ನಮ್ಮ ಕೈಯಲ್ಲಿದ್ದವು. ಕೋರ್ಟಿನ ತೀರ್ಪುಗಳನ್ನೂ ಓದಿಕೊಂಡಿದ್ದೆವು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋಗಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಅದೇ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತ್ತು. ಇಷ್ಟನ್ನೂ ಬರೆದುಕೊಂಡು ಗ್ರಾಮಸಭೆಗೆ ಹೋದೆ.

ನನಗೆ ಮಾತಾಡುವ ಅವಕಾಶ ಬರುವಷ್ಟರಲ್ಲಿ ಆ ಅಜ್ಜಿ ಎದ್ದು ನಿಂತಿದ್ದರು. 'ಅಲ್ಲಿ ಕಟ್ಟಿದ್ರೆ ನನ್ನ ಕುರಿ ಎಲ್ಲಿ ನಿಲ್ಲಬೇಕು ಹೇಳಿ ಸ್ವಾಮಿ' ಅಂದರು. ಹಿಂದೆಯೇ ಸಂಜೆ ಅಲ್ಲಿ ವಾಲಿಬಾಲ್ ಆಡುವ ಹುಡುಗರು, ಹಿಂದಿನ ತಿಂಗಳಷ್ಟೇ ಆಲದ ಕೆಳಗೆ ಮಗಳ ನಾಮಕರಣದ ಊಟ ಹಾಕಿಸಿದ್ದವರು, ಹೊಸ ಬದು ಹಾಕಿದ ಪಕ್ಕದ ಹೊಲದವರು. ನಾನು ಕೊನೆಯಲ್ಲಿ ಎದ್ದು, ಕಟ್ಟಡಕ್ಕೆ ಆಗುವಂಥ ಇನ್ನೊಂದು ಸರ್ಕಾರಿ ಜಾಗದ ಸರ್ವೆ ನಂಬರ್ ಕೊಟ್ಟೆ. ಮುಖ್ಯರಸ್ತೆಗೆ ಹತ್ತಿರ, ಮರ ಇಲ್ಲದ ಜಾಗ. ಬರೀ ಬೇಡ ಅಂತ ಹೇಳಿದರೆ ಅಧಿಕಾರಿಗಳ ಕೆಲಸ ನಿಲ್ಲುತ್ತದೆ. ಇನ್ನೊಂದು ಜಾಗ ಹುಡುಕಿಕೊಂಡೇ ಹೋಗಿ. ಸಭೆ ಒಪ್ಪಿತು. ಠರಾವು ಬರೆದು ಮುಗಿಸುವವರೆಗೂ ಎದ್ದು ಬರಲಿಲ್ಲ, ನಡಾವಳಿಯ ದೃಢೀಕೃತ ಪ್ರತಿ ತೆಗೆದುಕೊಂಡೇ ಮನೆಗೆ ಹೋದೆವು.

ಈಗ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಎರಡು ಗಂಟೆ ಕೆಲಸ. ಅದಕ್ಕಿಂತ ಜಾಸ್ತಿ ಯಾರಿಂದಲೂ ಕೇಳುವುದಿಲ್ಲ. ಮೊದಲು ವಾರವಾರ ಇಟ್ಟು ಜನ ಸುಸ್ತಾಗಿ ಬಿಟ್ಟುಹೋಗಿದ್ದರು. ಬೇಸಿಗೆಯಲ್ಲಿ ನೀರಿನ ಪಾಳಿ ಮಾತ್ರ ಬೇರೆ. ಕಾರ್ಯದರ್ಶಿ ಕೆಲಸವನ್ನು ಕಳೆದ ವರ್ಷ ಆ ಮೊಬೈಲ್ ಅಂಗಡಿ ಹುಡುಗನಿಗೆ ಒಪ್ಪಿಸಿದೆ. ಕಾಗದದ ಫೈಲು, ಅದರ ಸ್ಕ್ಯಾನು, ಗಡಿಕಲ್ಲುಗಳ ಫೋಟೋ ಎಲ್ಲ ಅವನ ಹತ್ತಿರವಿದೆ. ವರ್ಷಕ್ಕೊಮ್ಮೆ ಎಂಟೂ ಕಲ್ಲುಗಳಿಗೆ ಸುಣ್ಣ ಬಳಿಯುತ್ತೇವೆ. ಶಾಲೆ ಮಕ್ಕಳಿಗೆ ಆ ಕೆಲಸ ಅಂದರೆ ಹಬ್ಬ.

ಈ ಸಲದ ಹುಣಸೆ ಹರಾಜಿನ ಪಟ್ಟಿಯಲ್ಲಿ 'ಹುಣಸೆ 38' ಅಂತಲೇ ಇದೆ. ನಾವು ನೆಟ್ಟ ಹುಣಸೆ ಗಿಡಗಳು ಆಳೆತ್ತರ ದಾಟಿವೆ. ಕಾಯಿ ಬಿಟ್ಟು ಆ ಪಟ್ಟಿಗೆ ಸೇರಲು ಇನ್ನೂ ಕೆಲವು ವರ್ಷ ಬೇಕು.