ಕುಕ್ಕರ್ ಸೀಟಿ ಕೇಳಿಸುತ್ತಿತ್ತು, ನನ್ನ ಮಾತು ಕೇಳಿಸುತ್ತಿರಲಿಲ್ಲ

ನನ್ನ ಮಗನಿಗೆ ಎರಡು ವರ್ಷ ತುಂಬಿದ ದಿನ ಅವನಿಗೆ ಬರುತ್ತಿದ್ದದ್ದು ಐದು ಮಾತು. ಅಮ್ಮ, ಬಾ, ಬೌಬೌ, ಟಾಟಾ, ಮತ್ತೆ ನೀರಿಗೆ ಬರೀ "ಈ". ಬೇರೆ ಏನೇ ಬೇಕಾದರೂ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಬೆರಳು ತೋರಿಸುತ್ತಿದ್ದ. ಹುಟ್ಟುಹಬ್ಬಕ್ಕೆ ಬಂದಿದ್ದ ಅವನದೇ ವಯಸ್ಸಿನ ಹುಡುಗಿ "ಅಜ್ಜಿ, ನಂಗೆ ಇನ್ನೊಂದು ಲಾಡು ಕೊಡು" ಅಂದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅನುಮಾನ ಒಂದೂವರೆ ವರ್ಷಕ್ಕೇ ಶುರುವಾಗಿತ್ತು. ಯಾರನ್ನು ಕೇಳಿದರೂ ಒಂದೇ ಸಮಾಧಾನ. "ಗಂಡು ಮಕ್ಕಳು ತಡ." "ಅವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ." ನಮ್ಮತ್ತೆ ಬಜೆ ಬೇರು ತೇಯ್ದು ನಾಲಿಗೆಗೆ ಸವರಿದರು. ಅವರ ತವರು ಬೆಳ್ತಂಗಡಿ ಕಡೆ. ಸೌತಡ್ಕದ ಗಣಪತಿಗೆ ಗಂಟೆ ಕಟ್ಟುತ್ತೇನೆ ಅಂತ ಹರಕೆಯನ್ನೂ ಹೊತ್ತರು. ನಾವು ಹೋಗುತ್ತಿದ್ದ ಮಕ್ಕಳ ಡಾಕ್ಟರ್ ಕೂಡ "ಮೂರು ವರ್ಷದ ತನಕ ನೋಡಿ" ಅಂದರು. ಅದನ್ನು ನಂಬಿ ಆರು ತಿಂಗಳು ಸುಮ್ನೆ ಕೂತೆವು. ಅದೊಂದು ನೋವು ನನಗೆ ಈಗಲೂ ಇದೆ.

"ಕಿವಿ ಟೆಸ್ಟ್ ಮಾಡಿಸಿದ್ದೀರಾ?" ಅಂತ ಮೊದಲು ಕೇಳಿದ್ದು ನಮ್ಮ ಬೀದಿಯ ಅಂಗನವಾಡಿ ಟೀಚರ್. ನನಗೆ ಸಿಟ್ಟು ಬಂತು. ಕುಕ್ಕರ್ ಸೀಟಿ ಹೊಡೆದರೆ ತಿರುಗಿ ನೋಡುತ್ತಾನೆ, ಅಪ್ಪನ ಬೈಕ್ ಸದ್ದಿಗೆ ಬಾಗಿಲಿಗೆ ಓಡುತ್ತಾನೆ. ಅವನ ಕಿವಿಗೆ ಏನಾಗಿದೆ ಅನ್ನಿಸಿತು. ಆಕೆ ಬಿಡಲಿಲ್ಲ. ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ಸರ್ಕಾರಿ ತಂಡಕ್ಕೆ ತೋರಿಸಿ, ಇಲ್ಲವೇ ನೇರ ಮೈಸೂರಿಗೆ ಹೋಗಿ ಅಂದರು. ನಾವು ಹಾಸನದಿಂದ ಬಸ್ ಹತ್ತಿದೆವು.

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಕಿವಿ ಪರೀಕ್ಷೆ, ಮಾತಿನ ಪರೀಕ್ಷೆ ಎರಡೂ ಒಂದೇ ಆವರಣದಲ್ಲಿ ಆಗುತ್ತವೆ. ಬೇರಾ ಎನ್ನುವ ಒಂದು ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ತಲೆಗೆ ಸಣ್ಣ ತಂತಿ ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಅದು ಮಿದುಳಿನ ತನಕ ಮುಟ್ಟುತ್ತದಾ ಅಂತ ನೋಡುತ್ತಾರೆ. ಹಾಗಾಗಿ ಆ ದಿನ ಬಸ್ಸಿನಲ್ಲಿ ಅವನನ್ನು ಮಲಗಲು ಬಿಡಬಾರದಿತ್ತು. ಹಾಡಿದೆವು, ಕಿಟಕಿಯಿಂದ ಎಮ್ಮೆ ತೋರಿಸಿದೆವು, ಮುಖಕ್ಕೆ ನೀರು ಸವರಿದೆವು. ಇಲವಾಲ ಬರುವಷ್ಟರಲ್ಲಿ ಮಲಗಿಯೇಬಿಟ್ಟ. ಇನ್ನೊಂದು ದಿನ ಮತ್ತೆ ಹೋಗಬೇಕಾಯಿತು.

ಗೊತ್ತಾದದ್ದು ಇಷ್ಟು. ಕಿವಿಯ ನರ ಚೆನ್ನಾಗಿತ್ತು. ಎರಡೂ ಕಿವಿಯ ತಮಟೆಯ ಹಿಂದೆ ನೀರು ತುಂಬಿತ್ತು. ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಇದು ಸಾಮಾನ್ಯವಂತೆ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದಿಲ್ಲ, ಹಾಗಾಗಿ ಮನೆಯವರಿಗೆ ತಿಳಿಯುವುದೇ ಇಲ್ಲ. ನಿಮ್ಮ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಯಾರಾದರೂ ಮಾತಾಡುವುದನ್ನು ಕೇಳಿ ನೋಡಿ. ಬೈಕ್ ಕೇಳಿಸುತ್ತದೆ, ಕುಕ್ಕರ್ ಕೇಳಿಸುತ್ತದೆ. ಮಾತಿನೊಳಗಿನ ಸ, ಶ, ತ ಮಾತ್ರ ಕರಗಿಹೋಗುತ್ತವೆ. ನನ್ನ ಮಗ ಎಷ್ಟೋ ತಿಂಗಳು ಹಾಗೇ ಕೇಳಿಸಿಕೊಂಡಿದ್ದ. ನಾನು ಅವನ ಬೆನ್ನ ಹಿಂದೆ ನಿಂತು ಮಾತಾಡುತ್ತಿದ್ದೆ.

ಕಿವಿ ಡಾಕ್ಟರ್ ಮೂರು ತಿಂಗಳು ನೋಡೋಣ ಅಂದರು. ಹೆಚ್ಚಿನ ಮಕ್ಕಳಲ್ಲಿ ನೀರು ತಾನಾಗೇ ಇಳಿಯುತ್ತದೆ, ಇಳಿಯದಿದ್ದರೆ ತಮಟೆಗೆ ಪುಟ್ಟ ಕೊಳವೆ ಹಾಕುವುದುಂಟು. ನಮ್ಮವನದ್ದು ಇಳಿಯಿತು.

ಎಲ್ಲ ಮಕ್ಕಳ ಕಾರಣವೂ ಇದೇ ಅಲ್ಲ. ಮಾತಿನ ಥೆರಪಿಸ್ಟ್ ನಮ್ಮನ್ನು ಬಹಳ ಹೊತ್ತು ಕೇಳಿದ್ದು ಬೇರೆಯದೇ ವಿಷಯ. ಬೆರಳು ತೋರಿಸುತ್ತಾನಾ? ತೋರಿಸಿ ನಿಮ್ಮ ಮುಖ ನೋಡುತ್ತಾನಾ? ಹೆಸರು ಕರೆದರೆ ತಿರುಗುತ್ತಾನಾ? ಕೈಸನ್ನೆ ಇಲ್ಲದೆ "ಚಪ್ಪಲಿ ತಾ" ಅಂದರೆ ತರುತ್ತಾನಾ? ಬರುತ್ತಿದ್ದ ಮಾತು ನಿಂತುಹೋಗಿದೆಯಾ? ನಿಮ್ಮ ಮಗು ಬೆರಳು ತೋರಿಸುತ್ತಿಲ್ಲ, ಅಥವಾ ಕಲಿತ ಮಾತು ಬಿಟ್ಟಿದೆ ಅಂದರೆ ದಯವಿಟ್ಟು ಒಂದು ತಿಂಗಳೂ ಕಾಯಬೇಡಿ. ಎರಡು ವರ್ಷಕ್ಕೆ ಸುಮಾರು 50 ಮಾತು ಇರಬೇಕು, ಎರಡೆರಡು ಸೇರಿಸಿ ಹೇಳಲು ಶುರುಮಾಡಿರಬೇಕು. ನಮ್ಮವನು ಅದರ ಹತ್ತಿರವೂ ಇರಲಿಲ್ಲ. ಆದರೆ ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಬೆರಳು ತೋರಿಸುತ್ತಿದ್ದ. ಅದು ಒಳ್ಳೆಯ ಲಕ್ಷಣ ಅಂದರು.

ಇನ್ನೊಂದು ಭಯ ಭಾಷೆಯದ್ದು. ಅತ್ತೆ ಅವನ ಹತ್ತಿರ ತುಳು ಮಾತಾಡುತ್ತಾರೆ, ನಾನು ಕನ್ನಡ. ಗೊಂದಲ ಆಗುತ್ತದೆ, ಒಂದನ್ನು ಬಿಡಿ ಅಂತ ಎಷ್ಟು ಜನ ಹೇಳಿದ್ದರೋ. ಬಿಡಲೇಬೇಡಿ ಅಂದರು ಥೆರಪಿಸ್ಟ್. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಲೆಕ್ಕ ಹಾಕುವಾಗ ಎರಡನ್ನೂ ಕೂಡಿಸಬೇಕು: ಅಜ್ಜಿಗೆ "ಪುಚ್ಚೆ", ನನಗೆ "ಬೆಕ್ಕು" ಅಂದರೆ ಅವು ಎರಡು ಮಾತು. ಅತ್ತೆಯ ಮುಖ ಅವತ್ತು ಅರಳಿದ್ದು ನನಗೆ ಮರೆಯುವುದಿಲ್ಲ. ತನ್ನಿಂದಲೇ ಹೀಗಾಯಿತೇನೋ ಅಂತ ಅವರು ಒಳಗೇ ಕೊರಗುತ್ತಿದ್ದರು.

ಥೆರಪಿ ಅಂದರೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಉಳಿದದ್ದೆಲ್ಲ ಮನೆಯಲ್ಲೇ.

ನಾನು ಮೊದಲು ನಿಲ್ಲಿಸಿದ್ದು ಪರೀಕ್ಷೆ ಮಾಡುವುದನ್ನು. "ಇದೇನು ಹೇಳು, ಅದೇನು ಹೇಳು" ಅಂತ ದಿನವಿಡೀ ಕೇಳುತ್ತಿದ್ದೆ. ಕೇಳಿದಷ್ಟೂ ಅವನು ತುಟಿ ಬಿಗಿಯುತ್ತಿದ್ದ. ಅದರ ಬದಲು ಅವನೆದುರು ಕುಕ್ಕರುಗಾಲಲ್ಲಿ ಕೂತು, ನನ್ನ ಬಾಯಿ ಅವನಿಗೆ ಕಾಣುವ ಹಾಗೆ, ಅವನು ಮಾಡುತ್ತಿರುವುದನ್ನೇ ಹೇಳತೊಡಗಿದೆ. "ಕಾರು ಬಂತು. ಕಾರು ಬಿತ್ತು. ಢಬ್!" ಅವನು "ಈ" ಅಂದರೆ "ತಪ್ಪು, ನೀರು ಅನ್ನು" ಅನ್ನುವುದಿಲ್ಲ. "ನೀರು. ನೀರು ಬೇಕು" ಅಂತ ನಾನೇ ತುಂಬಿ ಹೇಳಿ ಕೊಡುತ್ತೇನೆ.

ಕಷ್ಟವಾದದ್ದು ಕಾಯುವುದು. "ಬಾಳೆಹಣ್ಣು ಬೇಕಾ, ದೋಸೆ ಬೇಕಾ?" ಅಂತ ಎರಡನ್ನೂ ಎತ್ತಿ ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಆ ಹತ್ತು ಎಷ್ಟು ಉದ್ದ ಅಂತ ಮಾಡಿದವರಿಗೇ ಗೊತ್ತು. ಆರಕ್ಕೆ ಬರುವಷ್ಟರಲ್ಲಿ ನನ್ನ ಬಾಯಿ ತೆರೆಯುತ್ತಿತ್ತು. ಅವನು ಹೇಳದಿದ್ದರೂ ಕೊಟ್ಟೇ ಕೊಡುತ್ತಿದ್ದೆ. ಹಸಿದ ಮಗುವಿನ ಹತ್ತಿರ ಹಟ ಮಾಡಬಾರದು.

ಮೊದಲು ಆರಿಸಿಕೊಂಡ ಮಾತುಗಳು ಬಾ, ತಾ, ಬೇಕು, ಬೇಡ, ಸಾಕು. ಪ, ಬ, ಮ ತುಟಿಯಲ್ಲೇ ಹುಟ್ಟುವುದರಿಂದ ಮಕ್ಕಳಿಗೆ ಕಾಣುತ್ತವೆ, ಬೇಗ ಬರುತ್ತವೆ. ಸದ್ದಿನ ಮಾತುಗಳೂ ಲೆಕ್ಕಕ್ಕೆ ಬರುತ್ತವೆ ಅಂತ ತಿಳಿದಾಗ ನನಗೆ ಎಷ್ಟು ಖುಷಿಯಾಯಿತು! ಅಂಬಾ, ಕಾಕಾ, ಬುಳುಬುಳು, ಚಟಪಟ, ದಬದಬ. ನಮ್ಮ ಕನ್ನಡದಲ್ಲಿ ಇವಕ್ಕೇನು ಬರವೇ? ಒಗ್ಗರಣೆ ಹಾಕುವಾಗ "ಚಟಪಟ", ಸ್ನಾನಕ್ಕೆ ನೀರು ಸುರಿಯುವಾಗ "ಬುಳುಬುಳು". ಅವನ ಆರನೇ ಮಾತು "ಚಪಚಪ". ಸಾಸಿವೆ ಸಿಡಿಯುವುದನ್ನು ನೋಡಿ ಹೇಳಿದ್ದು.

ಊಟದ ಹೊತ್ತಿನ ಮೊಬೈಲ್ ತೆಗೆದೆವು. ಎರಡು ವರ್ಷ ತುಂಬುವ ತನಕ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮ ಮನೆಯಲ್ಲಿ ಅದು ಜಾಸ್ತಿಯೇ ಇತ್ತು. ಹತ್ತು ದಿನ ಅತ್ತ, ಆಮೇಲೆ ತಟ್ಟೆ ನೋಡಿಕೊಂಡು ತಿನ್ನತೊಡಗಿದ.

ಹೊಸ ಮಾತು ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಮೊದಲ ತಿಂಗಳು ನಾಲ್ಕೇ. ಕಿವಿಯ ನೀರು ಇಳಿದ ಮೇಲೆ ಒಂದು ವಾರಕ್ಕೇ ಒಂಬತ್ತು. ಎರಡೂಮುಕ್ಕಾಲು ವರ್ಷಕ್ಕೆ ಒಂದು ಸಂಜೆ ಖಾಲಿ ಲೋಟ ಹಿಡಿದು ಬಂದು "ಅಮ್ಮ, ಪೇರ್ ಬೇಕು" ಅಂದ. ಹಾಲು ತುಳುವಿನಲ್ಲಿ, ಬೇಕು ಕನ್ನಡದಲ್ಲಿ. ಅತ್ತೆ, ನಾನು ಇಬ್ಬರೂ ಲೋಟಕ್ಕೆ ಕೈ ಹಾಕಿದೆವು.

ಈಗ ಮೂರೂವರೆ ವರ್ಷ. ಳ, ರ ಇನ್ನೂ ಸರಿಯಾಗಿ ಬರುವುದಿಲ್ಲ, "ಬಾಲೆಹಣ್ಣು" ಅನ್ನುತ್ತಾನೆ. ಅವು ತಡವಾಗಿ ಬರುವ ಅಕ್ಷರಗಳು, ಅದಕ್ಕೆ ನಾನು ಅವಸರ ಮಾಡುತ್ತಿಲ್ಲ. ಸೌತಡ್ಕಕ್ಕೆ ಹೋಗಿ ಗಂಟೆ ಕಟ್ಟಿ ಬಂದೆವು. ನೆಗಡಿ ಬಂದಾಗ ಮಾತ್ರ ಮೈಯೆಲ್ಲ ಕಿವಿಯಾಗಿರುತ್ತೇನೆ. ಎರಡು ಸಲ "ಆಂ?" ಅಂದರೆ ಸಾಕು, ತೋರಿಸಿಕೊಂಡು ಬರುತ್ತೇವೆ. ಹೋದ ವಾರವೂ ಹೋಗಿದ್ದೆವು. ನೀರಿಲ್ಲ.